ಗಯೆಯಲ್ಲಿ ಅಪ್ಪಯ್ಯ ಬಿಟ್ಟಿದ್ದು

ದಿನ 1

ಅಪ್ಪಯ್ಯ ಹೋಗಿ ವರ್ಷ ತುಂಬ್ತು, ಊರಲ್ಲಿ ವರ್ಷಾಂತಿಕ ಮುಗೀತು, ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡ್ತಾ ಅಮ್ಮ "ಗಯೆಗೆ ಹೋಪ" ಅಂದ್ಲು. ಅಷ್ಟೇ. ತಮ್ಮ ರಜೆ ಇಲ್ಲ ಅಂತ ಏನೋ ಶುರು ಮಾಡ್ದ, ಅಮ್ಮ ಅವನ ಮುಖ ನೋಡಿದ್ಲು, ಅವ್ನು ಸುಮ್ನೆ ಮೊಬೈಲ್ ತೆಗೆದು ಸಂಘಮಿತ್ರ ಟ್ರೇನಿನ ಟಿಕೆಟ್ ನೋಡೋಕೆ ಶುರು ಮಾಡ್ದ.

ಹಾಗಾಗಿ ಹೋದ ಡಿಸೆಂಬರಲ್ಲಿ ನಾವು ಐದು ಜನ, ಅಮ್ಮ, ನಾನು, ತಮ್ಮ, ತಮ್ಮನ ಹೆಂಡ್ತಿ, ಹನ್ನೆರಡು ವರ್ಷದ ನನ್ನ ಮಗಳು, ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್‌ನಲ್ಲಿ ಏಳು ಬ್ಯಾಗ್ ಇಟ್ಕೊಂಡು ನಿಂತಿದ್ವಿ. ಅದರಲ್ಲಿ ಮೂರು ಬ್ಯಾಗ್ ಬರೀ ತಿಂಡಿ. ಚಪಾತಿ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಸ್ಟೀಲ್ ಡಬ್ಬದಲ್ಲಿ ಕರಿಬೇವಿನ ಸೊಪ್ಪು. ಇದ್ಯಾಕಮ್ಮ ಅಂದ್ರೆ "ನಿಮ್ಮಪ್ಪಯ್ಯ ತಕಂಡ್ ಹೋತಿದ್ರ್, ಆ ಬದಿಗ್ ಸಿಕ್ಕುದಿಲ್ಲ" ಅಂದ್ಲು. ಈಗ ಎಲ್ಲಾ ಕಡೆ ಎಲ್ಲಾ ಸಿಗತ್ತೆ ಅಂತ ಹೇಳೋಕೆ ಹೋಗ್ಲಿಲ್ಲ.

ಅಪ್ಪಯ್ಯನ ಬಗ್ಗೆ ಗೊತ್ತಿಲ್ದೋರಿಗೆ ಎರಡು ಮಾತು. ಕೋಟದ ಹತ್ರದ ಹಳ್ಳಿಯವರು, 1953ರಲ್ಲಿ ಹುಟ್ಟಿದ್ದು, ಮನೆ ತುಂಬ ಮಕ್ಕಳು, ಗದ್ದೆ ಕಮ್ಮಿ, ಹದಿಮೂರನೇ ವರ್ಷಕ್ಕೆ ಬೊಂಬಾಯಿ ಬಸ್ಸು ಹತ್ತಿಸಿದ್ರು. ಆಗ ನಮ್ಮ ಕಡೆ ಹುಡುಗ್ರಿಗೆ ಅದೊಂದು ಮಾಮೂಲಿ ದಾರಿ. ಮಾಟುಂಗದ ಒಂದು ಹೋಟೆಲಲ್ಲಿ ತಟ್ಟೆ ತೊಳೆದು, ಆಮೇಲೆ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ನಾಲ್ಕು ವರ್ಷ ಆದ ಮೇಲೆ ಒಲೆ ಹತ್ರ ಬಿಟ್ಕೊಂಡ್ರಂತೆ. ರಾತ್ರಿ ಹೊತ್ತು ಕನ್ನಡ ರಾತ್ರಿ ಶಾಲೆ, ಅಲ್ಲಿ ಅರ್ಧ ಕ್ಲಾಸು ನಿದ್ದೆ. ಆಮೇಲೆ ಬೆಂಗಳೂರು, ಮದುವೆ ಅಡುಗೆ, ನಾವು ಹುಟ್ಟಿದ್ದು. 1984ರಿಂದ ಯಾತ್ರೆ ಬಸ್ಸಿನ ಅಡುಗೆಭಟ್ರು. ಮುಂದಿನ ಇಪ್ಪತ್ತೊಂಬತ್ತು ವರ್ಷ ಅದೇ.

ಯಾತ್ರೆ ಬಸ್ಸು ಅಂದ್ರೆ ಈಗಿನ ಹುಡುಗ್ರಿಗೆ ಗೊತ್ತಾಗಲ್ಲ. ನಲವತ್ತು ಜನ ಹಿರಿಯರು, ಡ್ರೈವರ್ ಇಬ್ರು, ಮೇಲೆ ಟಾರ್ಪಾಲ್ ಕಟ್ಟಿದ ಕ್ಯಾರಿಯರಲ್ಲಿ ಅಕ್ಕಿ, ಬೇಳೆ, ಪಾತ್ರೆ, ಪಂಪ್ ಹೊಡೆಯೋ ದೊಡ್ಡ ಸ್ಟವ್ವು, ಹಿಂದಿನ ಸೀಟಲ್ಲಿ ಅಪ್ಪಯ್ಯ, ಜೊತೆಗೆ ಒಬ್ಬ ಸಹಾಯಕ. ಊರೂರಿಗೆ ನಿಲ್ಸಿ ಅಡುಗೆ. ಜನ ದೇವಸ್ಥಾನಕ್ಕೆ ಹೋದಾಗ ಇವರು ಬೇಳೆ ತೊಳೀತಾ ಇರ್ತಿದ್ರು, ಜನ ವಾಪಸ್ ಬಂದಾಗ ಎಲೆ ಹಾಕಿರ್ಬೇಕು. ಅಂದ್ರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಅಪ್ಪಯ್ಯ ನೋಡದ ಊರಿಲ್ಲ, ಆದ್ರೆ ಎಲ್ಲಾ ಊರನ್ನೂ ಅವ್ರು ನೋಡಿದ್ದು ಛತ್ರದ ಹಿತ್ತಲ ಕಡೆಯಿಂದ.

ಮತ್ತೆ ಇನ್ನೊಂದು ವಿಷ್ಯ. ಸಾವಿರಾರು ಜನರ ಜೊತೆ ಕಾಶಿಗೆ ಹೋದ ಮನುಷ್ಯ ಅಮ್ಮನ್ನ ಒಂದ್ಸಲಾನೂ ಕರ್ಕೊಂಡು ಹೋಗ್ಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಹೇಳ್ತಾನೇ ಇದ್ರು. ಅಮ್ಮ ಕಿಟಕಿ ಪಕ್ಕ ಕೂತು ಸೆರಗು ಸರಿ ಮಾಡ್ಕೊಂಡಾಗ ನಂಗೆ ಅದೇ ನೆನಪಾಯ್ತು.

ದಿನ 2

ಬೆಳಿಗ್ಗೆ ಟ್ರೇನಲ್ಲಿ ಕೊಟ್ಟ ಉಪ್ಪಿಟ್ಟು ತಿನ್ನೋ ಹಾಗಿರ್ಲಿಲ್ಲ. ಅಮ್ಮ ಅದ್ರ ಮೇಲೆ ಚಟ್ನಿಪುಡಿ ಉದುರಿಸಿ ನಾಲ್ಕು ಹನಿ ಎಣ್ಣೆ ಬಿಟ್ಟು ಕಲೆಸಿ ಕೊಟ್ಲು, ಆಮೇಲೆ ಪರವಾಗಿಲ್ಲ ಅನ್ನಿಸ್ತು.

ಎದುರು ಸೀಟಲ್ಲಿ ಬಿಹಾರದ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರ್ಬಹುದು. ಸ್ಲೀಪರ್ ಸಿಗ್ಲಿಲ್ಲ ಅಂತ ಎಸಿಗೆ ಬಂದಿದ್ದ, ಅದೇ ಅವ್ನಿಗೆ ಸಂಕಟ. ಏನ್ ಕೆಲ್ಸ ಅಂತ ತಮ್ಮ ಕೇಳಿದ್ರೆ ಬೆಂಗಳೂರಲ್ಲಿ ದೋಸೆ ಹಾಕ್ತೀನಿ ಅಂದ. ದರ್ಶಿನಿ ಹೋಟೆಲಲ್ಲಿ, ಮಸಾಲೆ ದೋಸೆ ಸೆಕ್ಷನ್ನು, ಬೆಳಿಗ್ಗೆ ಐದಕ್ಕೆ ಕಲ್ಲು ಬಿಸಿ ಮಾಡೋದು. ಅಮ್ಮನಿಗೆ ಹಿಂದಿ ಬರಲ್ಲ, ಅವ್ನ ಕನ್ನಡ ಎಲ್ಲಾ ಅಡುಗೆಮನೆ ಕನ್ನಡ, ಹಿಟ್ಟು, ಪಲ್ಯ, ಖಾಲಿ, ಸೆಟ್ಟು, ಬೇಗ ಬೇಗ. ಅಷ್ಟರಲ್ಲೇ ಇಬ್ರೂ ಅರ್ಧ ಗಂಟೆ ಮಾತಾಡಿದ್ರು. ಹಿಟ್ಟಿಗೆ ಮೆಂತ್ಯ ಎಷ್ಟು ಅಂತ ಅಮ್ಮ ಕೈಯಲ್ಲಿ ತೋರಿಸಿ ಕೇಳಿದ್ಲು, ಅವ್ನು ಬೆರಳು ಮಡಚಿ ತೋರಿಸ್ದ. ಮೊದಲನೇ ವರ್ಷ ಏನ್ ಮಾಡ್ತಿದ್ದೆ ಅಂದ್ರೆ ಪ್ಲೇಟ್ ತೊಳೀತಿದ್ದೆ ಅಂದ. ಅಮ್ಮ ನಮ್ಮ ಕಡೆ ತಿರುಗಿ ಕಣ್ಣಲ್ಲೇ ನೋಡಿ ಅಂದ್ಲು, ಡಬ್ಬ ತೆಗೆದು ಅವ್ನಿಗೆ ಎರಡು ಚಪಾತಿ ಜಾಸ್ತಿ ಹಾಕಿದ್ಲು.

ನಾಗಪುರ, ಇಟಾರ್ಸಿ, ಜಬಲ್ಪುರ. ಈ ಊರುಗಳ ಹೆಸರೆಲ್ಲ ನಂಗೆ ಚಿಕ್ಕಂದಿನಿಂದ ಬಾಯಿಪಾಠ, ಯಾಕಂದ್ರೆ ಹಳೇ ಎನ್‌ಎಚ್ 7 ಕಾಶಿಯಿಂದ ಹೊರಟು ಜಬಲ್ಪುರ, ನಾಗಪುರ, ಹೈದರಾಬಾದ್, ಬೆಂಗಳೂರು ಹಾದು ಕನ್ಯಾಕುಮಾರಿಗೆ ಹೋಗ್ತಿತ್ತು, ಅದೇ ಅಪ್ಪಯ್ಯನ ಆಫೀಸ್ ರೋಡು. ಆ ದಾರೀಲಿ ಯಾವ ಊರಿನ ನೀರು ಹೇಗೆ ಅಂತ ಅವ್ರಿಗೆ ಲೆಕ್ಕ ಇತ್ತು. ಗಡಸು ನೀರಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದ್ರೂ ಕಲ್ಲು ಕಲ್ಲಾಗೇ ಇರತ್ತೆ, ಅಂಥ ಊರಲ್ಲಿ ಹುಳಿ ಇಲ್ಲ, ಹೆಸರುಬೇಳೆ ತೊವ್ವೆ. ಬದರಿ ಕಥೆ ಅವ್ರು ನೂರು ಸಲ ಹೇಳಿದ್ದು: ಮೊದಲನೇ ಸಲ ಹೋದಾಗ ಬೇಳೆ ಇಟ್ರೆ ನೀರು ಕೊತಕೊತ ಕುದೀತದೆ, ಬೇಳೆ ಮಾತ್ರ ಬೇಯಲ್ಲ. ಎರಡು ಗಂಟೆ ಆಯ್ತು, ಸೀಮೆಎಣ್ಣೆ ಖಾಲಿ ಆಗ್ತಾ ಬಂತು, ಚಳೀಲಿ ನಲವತ್ತು ಜನ ತಟ್ಟೆ ಹಿಡ್ಕೊಂಡು ಕಾಯ್ತಿದಾರೆ. ಕೊನೆಗೆ ಬೇಳೆ ನೀರು ಬಸಿದು ಅದಕ್ಕೆ ಮೆಣಸು ಜೀರಿಗೆ ಕುಟ್ಟಿ ಹಾಕಿ ಸಾರು ಅಂತ ಬಡಿಸಿದ್ರು. ಎಲ್ರೂ ಹೊಗಳಿದ್ರಂತೆ! ನಾನು ಹೈಸ್ಕೂಲಲ್ಲಿ ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ, ನೀರು ಕಮ್ಮಿ ಬಿಸಿಗೇ ಕುದಿಯುತ್ತೆ ಅಂತ ಓದಿ ಬಂದು ಹೇಳಿದೆ, ಬದರಿ ಸುಮಾರು 3,100 ಮೀಟರ್ ಮೇಲಿದೆ, ಅಲ್ಲಿ ನೀರು 90 ಡಿಗ್ರಿ ಆಸುಪಾಸಲ್ಲೇ ಕುದಿಯೋದು ಅಂತ. ಅಪ್ಪಯ್ಯ ಗಂಭೀರವಾಗಿ ಕೇಳಿಸ್ಕೊಂಡು "ಇದ್ನ ಮೊದಲೇ ಹೇಳೂಕ್ ಆತಿರ್ಲಿಲ್ಯಾ" ಅಂದ್ರು. ಆಮೇಲಿಂದ ಬದರಿ ಟ್ರಿಪ್ಪಿಗೆ ದೊಡ್ಡ ಕುಕ್ಕರ್ ಎರಡು ಹೋಗ್ತಿತ್ತು, ಬೇಳೆ ಹಿಂದಿನ ರಾತ್ರೀನೇ ನೆನೆಸೋದು.

ಪ್ರಯಾಗರಾಜ್ ಛಿವಕಿ ಸ್ಟೇಷನ್ ಬಂದಾಗ ನಡುರಾತ್ರಿ ದಾಟಿತ್ತು. ಮಂಜು, ಲೇಟು, ಚಳಿ. ಮಗಳು ನಿದ್ದೆಗಣ್ಣಲ್ಲಿ ಒಂದು ಚಪ್ಪಲಿ ಟ್ರೇನಲ್ಲೇ ಬಿಟ್ಟಿದ್ಲು.

ದಿನ 3

ಪ್ರಯಾಗದಲ್ಲಿ ಮೊದಲ ಕೆಲಸ ಚಪ್ಪಲಿ ತಗೊಂಡಿದ್ದು. ಎರಡನೇದು ದೋಣಿ ರೇಟು ಜಗಳ. ತಮ್ಮ ಅರ್ಧ ಗಂಟೆ ಚೌಕಾಸಿ ಮಾಡಿ ಗೆದ್ದೆ ಅಂತ ಬೀಗಿಕೊಂಡು ಬಂದ, ಪಕ್ಕದ ದೋಣೀಲಿ ಇದ್ದ ದಾವಣಗೆರೆ ಫ್ಯಾಮಿಲಿಗೆ ನಮಗಿಂತ ಕಮ್ಮಿಗೆ ಸಿಕ್ಕಿತ್ತು.

ಸಂಗಮ ಚೆನ್ನಾಗಿದೆ. ಯಮುನೆ ಹಸಿರು, ಆಳ, ಗಂಗೆ ಮಣ್ಣು ಬಣ್ಣ, ಸೇರೋ ಜಾಗದಲ್ಲಿ ಗೆರೆ ಕಾಣತ್ತೆ. ಚಳಿಗಾಲಕ್ಕೆ ದೂರದಿಂದ ಬರೋ ಬಿಳೀ ಹಕ್ಕಿಗಳು ನೀರ ಮೇಲೆ ಸಾವಿರ ಸಾವಿರ, ಅವಕ್ಕೆ ಹಾಕೋಕೆ ಅಂತ ದೋಣಿಯವ್ರು ಸೇವು ಮಾರ್ತಾರೆ. ಮಗಳು ಮೂರು ಪ್ಯಾಕೆಟ್ ಖಾಲಿ ಮಾಡಿದ್ಲು, ಒಂದನ್ನ ಅರ್ಧ ತಾನೇ ತಿಂದ್ಲು.

ಗಂಡ ಹೆಂಡ್ತಿ ಜೋಡೀಲಿ ಹೋದ್ರೆ ಇಲ್ಲಿ ವೇಣೀದಾನ ಅಂತ ಮಾಡಿಸ್ತಾರೆ, ಗಂಡ ಹೆಂಡ್ತಿ ಜಡೆ ಹೆಣೆದು ತುದಿ ಸ್ವಲ್ಪ ಕತ್ತರಿಸಿ ಗಂಗೆಗೆ ಬಿಡೋದು. ನಮ್ಮ ತಮ್ಮನೂ ಮಾಡಿದ. ಅವ್ನು ಜಡೆ ಹೆಣೆದ ಚಂದಕ್ಕೆ ಪುರೋಹಿತರೇ ನಕ್ಕರು. ಅಮ್ಮ ಸ್ವಲ್ಪ ದೂರದಲ್ಲಿ ಹಲಗೆ ಮೇಲೆ ಕೂತ್ಕೊಂಡು ನೋಡ್ತಿದ್ಲು. ನಾನು ಹೋಗಿ ಪಕ್ಕ ಕೂತೆ. "ನಲವತ್ ಜನಕ್ ಅಡ್ಗಿ ಮಾಡುದ್ ಬಿಟ್ಟ್ ಜಡಿ ಹೆಣೂಕೆ ಯಾರ್ ಬತ್ರ್" ಅಂದ್ಲು. ಸಿಟ್ಟೋ ತಮಾಷೆಯೋ ಗೊತ್ತಾಗ್ಲಿಲ್ಲ.

ಕೋಟೆ ಹತ್ರ ಮಲಗಿರೋ ಹನುಮಂತನ ನೋಡ್ಕೊಂಡು ಸಂಜೆ ಕಾರಲ್ಲಿ ಕಾಶಿ.

ದಿನ 4

ಏಜೆಂಟ್ ಒಬ್ಬ ಘಾಟ್ ಪಕ್ಕಾನೇ ಅಂತ ಬುಕ್ ಮಾಡಿಸಿದ್ದ ರೂಮು ಘಾಟಿಂದ ಎರಡು ಕಿಲೋಮೀಟರ್ ಮೇಲೆ. ಬೈಯೋಕೆ ಫೋನ್ ಮಾಡಿದ್ರೆ ಎತ್ತಲ್ಲ. ಅದು ಹಾಗೇ ಇರ್ಲಿ.

ಬೆಳಿಗ್ಗೆ ವಿಶ್ವನಾಥನ ದರ್ಶನ. 2021ರ ಕಾರಿಡಾರ್ ಆದ ಮೇಲೆ ಜಾಗ ಎಲ್ಲಾ ವಿಶಾಲ, ಗಂಗೆಯಿಂದ ನೇರ ಮೆಟ್ಟಿಲು ಹತ್ತಿ ಬರಬಹುದು. ಅಪ್ಪಯ್ಯ ಹೇಳ್ತಿದ್ದ ಕಾಶಿ ಬೇರೆ, ಎರಡು ಹಸು ಎದುರು ಬಂದ್ರೆ ಮನುಷ್ಯ ಗೋಡೆಗೆ ಅಂಟ್ಕೊಳ್ಳೋ ಗಲ್ಲಿಗಳ ಕಾಶಿ. ದರ್ಶನ ಅರ್ಧ ಸೆಕೆಂಡು. ಆದ್ರೆ ಪಕ್ಕದ ಅನ್ನಪೂರ್ಣೆ ಗುಡೀಲಿ ಅಮ್ಮ ಕದಲೋ ಹಾಗೇ ಕಾಣ್ಲಿಲ್ಲ. ಕೈಯಲ್ಲಿ ಸೌಟು ಹಿಡಿದ ದೇವರು, ಭಿಕ್ಷೆಗೆ ಬಂದು ನಿಂತ ಶಿವ. ಅಪ್ಪಯ್ಯ ಅಂತಿದ್ರು, ಕಾಶಿಗೆ ಯಜಮಾನ ವಿಶ್ವನಾಥನೇ, ಆದ್ರೆ ಉಗ್ರಾಣದ ಬೀಗದ ಕೈ ಇರೋದು ಅನ್ನಪೂರ್ಣೆ ಸೊಂಟದಲ್ಲಿ ಅಂತ. ಸೆಕ್ಯುರಿಟಿಯವ್ನು ಚಲೋ ಚಲೋ ಅಂತಿದ್ರೆ ಅಮ್ಮ ಅವ್ನಿಗೆ ಕನ್ನಡದಲ್ಲಿ "ಒಂದ್ ನಿಮಿಷ ನಿಲ್ ಮಾರಾಯ" ಅಂದ್ಲು, ಅವ್ನು ನಿಂತ!

ಮಧ್ಯಾಹ್ನ ನಮ್ಮ ನಿಜವಾದ ಕೆಲಸ. ಅಪ್ಪಯ್ಯ ವರ್ಷಾನುಗಟ್ಟಲೆ ಅಡುಗೆ ಮಾಡ್ತಿದ್ದ ಛತ್ರ ಹುಡುಕೋದು. ಅಡ್ರೆಸ್ ಇಲ್ಲ. ಗೊತ್ತಿದ್ದದ್ದು ಇಷ್ಟೇ, ಹನುಮಾನ್ ಘಾಟ್ ಹಿಂದಿನ ಗಲ್ಲಿ, ದಕ್ಷಿಣದವ್ರು ಜಾಸ್ತಿ ಇರೋ ಕಡೆ, ಹಿತ್ತಲಲ್ಲಿ ಬಾವಿ, ಬಾವಿ ಪಕ್ಕ ಮೂರು ಒಲೆ. ಆ ಬದಿಗೆ ಹೋದ್ರೆ ಪರದೇಶ ಅನ್ಸಲ್ಲ, ಕೇದಾರ ಘಾಟ್ ಕಡೆ ತಮಿಳು ತೆಲುಗು ಬೋರ್ಡುಗಳು, ಹತ್ರದಲ್ಲೇ ಮೈಸೂರು ಸಂಸ್ಥಾನದವ್ರು ಕಟ್ಟಿಸಿದ ಕರ್ನಾಟಕ ಘಾಟು, ಇಡ್ಲಿ ಮಾರೋರೂ ಇದಾರೆ. ಅಮ್ಮನ ಡಬ್ಬದ ಕರಿಬೇವಿಗೆ ಅವಮಾನ ಆಗೋ ಹಾಗೆ ಒಂದು ಅಂಗಡೀಲಿ ತಾಜಾ ಕರಿಬೇವು ರಾಶಿ ಇತ್ತು. ಅಮ್ಮ ನೋಡಿಯೂ ನೋಡದ ಹಾಗೆ ಮುಂದೆ ಹೋದ್ಲು.

ಅಮ್ಮ ಮೊಬೈಲಲ್ಲಿ ಅಪ್ಪಯ್ಯನ ಫೋಟೋ ಇಟ್ಕೊಂಡು ಕಂಡ ಕಂಡ ತರಕಾರಿಯವ್ರಿಗೆ ತೋರಿಸಿದ್ಲು. ಯಾರಿಗೂ ಗೊತ್ತಿಲ್ಲ. ಗೊತ್ತಿರೋದಾದ್ರೂ ಹೇಗೆ, ಕೊನೇ ಸಲ ಬಂದಿದ್ದು 2013ರಲ್ಲಿ. ಬಟಾಣಿ ಮಾರ್ತಿದ್ದ ಒಬ್ಬ ಮುದುಕಪ್ಪ ಮಾತ್ರ ಕನ್ನಡಕ ಏರಿಸ್ಕೊಂಡು ನೋಡಿ, ಹಾಂ ಹಾಂ, ಮದ್ರಾಸಿ ಮಹಾರಾಜ್, ಬಹಳ ಒಳ್ಳೇ ಮನುಷ್ಯ ಅಂದ. ಆ ಕಡೆ ಅಡುಗೆಯವ್ರನ್ನ ಮಹಾರಾಜ್ ಅಂತಾನೇ ಕರೆಯೋದು. ಅಮ್ಮನ ಮುಖ ಅರಳಿ ಹೋಯ್ತು, ಎರಡು ಕೆಜಿ ಹಸಿ ಬಟಾಣಿ ತಗೊಂಡ್ಲು. ಲಾಡ್ಜಲ್ಲಿ ಬಟಾಣಿ ಏನ್ ಮಾಡೋದು ಅಂತ ಯಾರೂ ಕೇಳ್ಲಿಲ್ಲ. ತಮ್ಮ ನನ್ನ ಕಿವೀಲಿ "ಅಕ್ಕಾ, ಆ ಅಜ್ಜ ಯಾರ ಫೋಟೋ ತೋರ್ಸಿದ್ರೂ ಹಿಂಗೇ ಹೇಳ್ತಾನೆ" ಅಂದ. ಸುಮ್ನಿರೋ ಅಂದೆ. ಮಗಳು ಮಾತ್ರ ಅಜ್ಜ ಮಹಾರಾಜ ಆಗಿದ್ರಾ ಅಂತ ಇಡೀ ದಿನ ತಲೆ ತಿಂದ್ಲು.

ಛತ್ರ ಸಿಕ್ತು ಅಂತಾನೇ ಅನ್ಕೊಂಡಿದೀವಿ. ಈಗ ಲಾಡ್ಜು, ಮುಂದೆ ಗ್ಲಾಸ್ ಬಾಗಿಲು. ಮ್ಯಾನೇಜರ್ ಹುಡುಗ ಒಳ್ಳೆಯವ್ನು, ಹಿಂದೆ ಹೋಗಿ ನೋಡ್ಕೊಳ್ಳಿ ಅಂದ. ಹಿತ್ತಲಲ್ಲಿ ಆರೇಳು ಬೈಕು ನಿಲ್ಸಿದಾರೆ. ಬಾವಿಗೆ ಕಾಂಕ್ರೀಟ್ ಮುಚ್ಚಳ, ಮೇಲೆ ಮೋಟರ್. ಒಲೆ ಇಲ್ಲ. ಆದ್ರೆ ಮೂಲೆ ಗೋಡೇಲಿ ಆಳೆತ್ತರಕ್ಕೆ ಸುಣ್ಣ ಹೊಡೆದಿದ್ರೂ ಒಳಗಿಂದ ಕಪ್ಪು ಬಿಟ್ಕೊಂಡು ಬಂದಿತ್ತು, ಎಷ್ಟು ಕೋಟ್ ಹೊಡೆದ್ರೂ ಮಸಿ ಹೋಗಲ್ವಂತೆ, ಮ್ಯಾನೇಜರ್ ಅದಕ್ಕೇ ಬೇಜಾರಾಗಿದ್ದ. ಅಮ್ಮ ಬೈಕುಗಳ ಮಧ್ಯೆ ಸೆರಗು ಎತ್ತಿಕೊಂಡು ಹೋಗಿ ಗೋಡೆಗೆ ಬೆರಳು ಒತ್ತಿ ನೋಡಿದ್ಲು. ಬೆರಳಿಗೆ ಹತ್ತಿದ್ದು ಸುಣ್ಣ.

ರಾತ್ರಿ ದಶಾಶ್ವಮೇಧದಲ್ಲಿ ಆರತಿ, ನೂಕುನುಗ್ಗಲು, ಫೋಟೋ. ಅದನ್ನ ಎಲ್ರೂ ಬರೆದಿದಾರೆ.

ದಿನ 5

ಇವತ್ತಿನ ದಿನ ಬರೀ ತಿಂದಿದ್ದು. ಬೆಳಿಗ್ಗೆ ಕಚೋರಿ, ಆಲೂಗಡ್ಡೆ ಪಲ್ಯ, ಜಿಲೇಬಿ. ಆಮೇಲೆ ಮಲಯ್ಯೊ, ಇದು ಚಳಿಗಾಲಕ್ಕೆ ಮಾತ್ರ ಸಿಗೋದು, ಹಾಲು ಕಾಯಿಸಿ ರಾತ್ರಿ ಇಬ್ಬನೀಲಿ ಇಟ್ಟು ಬೆಳಗಿನ ಜಾವ ಕಡೆದು ನೊರೆ ತೆಗೆಯೋದು, ಕೇಸರಿ ಹಾಕಿ ಮಣ್ಣಿನ ಕುಡಿಕೇಲಿ ಕೊಡ್ತಾರೆ. ಬಾಯಲ್ಲಿ ಇಟ್ರೆ ಏನೂ ಇಲ್ಲ, ವಾಸನೆ ಒಂದೇ ಉಳಿಯತ್ತೆ. ಬಿಸಿಲು ಏರಿದ್ರೆ ನೊರೆ ಇಳಿದು ಹೋಗತ್ತೆ, ಅದಕ್ಕೇ ಹತ್ತು ಗಂಟೆ ಒಳಗೆ ವ್ಯಾಪಾರ ಮುಗೀಬೇಕು. ಇದನ್ನ ಅಪ್ಪಯ್ಯ ಒಂದ್ಸಲ ಮನೇಲಿ ಟ್ರೈ ಮಾಡಿದ್ರು, ಬೆಂಗಳೂರು ಜನವರಿ ಚಳಿ ಸಾಕು ಅಂತ ಟೆರೇಸ್ ಮೇಲೆ ಎರಡು ಲೀಟರ್ ಹಾಲು ಇಟ್ಟಿದ್ರು. ಬೆಕ್ಕಿಗೆ ಹಬ್ಬ ಆಯ್ತು.

ಯಾತ್ರೆ ಮುಗಿಸಿ ಮನೆಗೆ ಬಂದ ಮಾರನೇ ದಿನ ಅವ್ರು ಅಮ್ಮನ್ನ ಅಡುಗೆಮನೆಗೆ ಬಿಡ್ತಿರ್ಲಿಲ್ಲ. ಸುಸ್ತಾಗಿಲ್ವಾ ಅಂದ್ರೆ "ಅದ್ ಡ್ಯೂಟಿ, ಇದ್ ಮನಿ" ಅನ್ನೋರು. ಕಷ್ಟ ಏನಂದ್ರೆ ನಾಲ್ಕು ಜನಕ್ಕೆ ಅಡುಗೆ ಮಾಡೋಕೆ ಅವ್ರಿಗೆ ಬರ್ತಾನೇ ಇರ್ಲಿಲ್ಲ. ನೂರು ಜನಕ್ಕೆ ಹತ್ತು ಹನ್ನೆರಡು ಕೆಜಿ ಅಕ್ಕಿ, ಅದು ಕಣ್ಣು ಮುಚ್ಕೊಂಡು ಗೊತ್ತು, ನಾಲ್ಕು ಜನಕ್ಕೆ ಎಷ್ಟು ಅಂತ ಕೇಳಿದ್ರೆ ಪಾವು ಹಿಡ್ಕೊಂಡು ಯೋಚನೆ ಮಾಡ್ತಾ ನಿಲ್ಲೋರು. ಒಂದು ಪಾವು ಹಾಕಿ, ಸಾಲದೇನೋ ಅಂತ ಇನ್ನೊಂದು, ಯಾರಾದ್ರೂ ಬಂದ್ರೆ ಅಂತ ಇನ್ನೊಂದು. ನಾನು ತಮ್ಮ ಪಾತ್ರೆ ಹಿಡ್ಕೊಂಡು ವಠಾರದ ಏಳು ಮನೆಗೂ ಹುಳಿ ಹಂಚಿ ಬರೋದು. ಅಪ್ಪಯ್ಯ ಊರಿಗೆ ಬಂದಿದಾರೆ ಅಂತ ವಠಾರಕ್ಕೆ ಗೊತ್ತಾಗ್ತಿದ್ದದ್ದೇ ಹಾಗೆ.

ಊರೂರಿಂದ ಫೋನ್ ಮಾಡೋರು, ರಾತ್ರಿ ಹೊತ್ತು ಎಸ್‌ಟಿಡಿ ರೇಟು ಕಮ್ಮಿ ಅಂತ ಊಟದ ಪಾತ್ರೆ ಎಲ್ಲಾ ತೊಳೆಸಿದ ಮೇಲೆ. ನಮ್ಮನೇಲಿ ಫೋನ್ ಇರ್ಲಿಲ್ಲ, ಓನರ್ ಮನೆಗೆ ಬರ್ತಿತ್ತು, ಅವ್ರು ಕಿಟಕಿಯಿಂದ ಕೂಗೋರು. ಓಡಿ ಹೋಗಿ ರಿಸೀವರ್ ಎತ್ತಿದ್ರೆ ಮೊದಲ ಪ್ರಶ್ನೆ "ಊಟ ಆಯ್ತಾ? ಎಂತ ಮಾಡಿದ್ದ್ ಇವತ್ತ್?" ಪರೀಕ್ಷೆ ಹೇಗಾಯ್ತು ಅನ್ನೋದು ಎರಡನೇದು, ಅದ್ಕೆ ಉತ್ತರ ಕೊಡೋ ಹೊತ್ತಿಗೆ ದುಡ್ಡು ಮುಗೀತಿತ್ತು. ನಂಗೆ ಅದು ಅನುಕೂಲವೇ ಆಗಿತ್ತು.

ಅವ್ರ ಹೀರೋ ಸಿನಿಮಾದವ್ರಲ್ಲ, ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು. ನಮ್ಮೂರ ಬದಿಯ ಪಾರಂಪಳ್ಳಿಯವ್ರು, ಅಡುಗೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಅಣ್ಣತಮ್ಮಂದಿರು 1924ರಲ್ಲಿ ಹೋಟೆಲ್ ಇಟ್ಟಿದ್ದು, ಅವ್ರಲ್ಲಿ ಇವ್ರು 1951ರಲ್ಲಿ ಯುರೋಪ್ ಸುತ್ತಿ ಬಂದು ಹೋಟೆಲಂದ್ರೆ ಎಷ್ಟು ಕ್ಲೀನಾಗಿರ್ಬೇಕು ಅಂತ ಬೆಂಗಳೂರಿಗೆ ತೋರಿಸಿದ್ರು. "ಅವ್ರ್ ಲಂಡನ್ ಕಂಡ್ರ್, ನಾನ್ ಕೇದಾರ ಕಂಡೆ, ಇಬ್ರೂ ಹೋದ್ದ್ ಸೌಟ್ ಹಿಡ್ಕಂಡೇ" ಅನ್ನೋದು ಅವ್ರ ಡೈಲಾಗು. ಆ ಕೇದಾರವೇ ಕೊನೆ ಆಯ್ತು. 2013ರ ಜೂನ್ ಪ್ರವಾಹಕ್ಕೆ ಹತ್ತು ದಿನ ಮುಂಚೆ ಇವರ ಬಸ್ಸು ಕೆಳಗಿಳಿದಿತ್ತು. ಟಿವೀಲಿ ಅದನ್ನೆಲ್ಲ ನೋಡಿದ ಅಮ್ಮ ಸ್ಟವ್ವಿನ ಪಂಪು ಬಿಚ್ಚಿ ಅಟ್ಟದ ಮೇಲೆ ಹಾಕಿದ್ಲು, ಇನ್ನು ಸಾಕು ಅಂತ ಒಂದು ಮಾತೂ ಆಡ್ಲಿಲ್ಲ. ಅಪ್ಪಯ್ಯನೂ ಕೇಳ್ಲಿಲ್ಲ.

ದಿನ 6

ಕಾಶಿಯಿಂದ ಗಯೆಗೆ ಟ್ರೇನು. ದಾರೀಲಿ ಡೆಹ್ರಿ ಹತ್ರ ಸೋನ್ ನದಿ ಸೇತುವೆ, 1900ರಲ್ಲಿ ಆಗಿದ್ದು, ಮೂರು ಕಿಲೋಮೀಟರ್ ಉದ್ದ, ಮುಗಿಯೋದೇ ಇಲ್ಲ. ತಮ್ಮನ ಹೆಂಡ್ತಿ ಹೊರಗಾದ್ಲು. ನಾಳೆ ಪಿಂಡದ ಅನ್ನ ಸೊಸೆ ಮಾಡ್ಬೇಕಿತ್ತು, ಈಗ ಅವಳು ರೂಮಲ್ಲೇ ಇರ್ಬೇಕು. ನಾನು ಅಮ್ಮನ ಹತ್ರ ಒಂದು ಮಾತು ಹೇಳಿ ನೋಡೋಣ ಅಂತಿದ್ದೆ, ಅವಳೇ "ಬಿಡಿ ಅಕ್ಕ, ನಂಗೆ ಒಂದಿನ ನಿದ್ದೆ ಬೇಕು" ಅಂದ್ಲು.

ದಿನ 7

ಗಯೆ. ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಸ್ನಾನ, ಹಲ್ಲು ಕಟಕಟ.

ಪಿಂಡದ ಅನ್ನ ಯಾರು ಮಾಡೋದು ಅಂತ ಬಂತು. ನಾನು ಬೇರೆ ಗೋತ್ರಕ್ಕೆ ಹೋದವಳು, ಅಮ್ಮನಿಗೆ ಕೆಮ್ಮು ಬಿಟ್ಟಿಲ್ಲ, ಪುರೋಹಿತರು ಕರ್ತೃನೇ ಮಾಡಲಿ, ಅದು ಇನ್ನೂ ಶ್ರೇಷ್ಠ ಅಂದ್ರು. ತಮ್ಮ ನನ್ನ ಮುಖ ನೋಡ್ದ. ಮಹಾರಾಜನ ಮಗ, ಮೂವತ್ತೆಂಟು ವರ್ಷ, ಮ್ಯಾಗಿ ಬಿಟ್ಟು ಜೀವನದಲ್ಲಿ ಏನೂ ಬೇಯಿಸಿದವನಲ್ಲ. ಒದ್ದೆ ಪಂಚೆ ಉಟ್ಕೊಂಡು ನಡುಗ್ತಾ ಆ ಸಣ್ಣ ಗ್ಯಾಸ್ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ. ನಾವು ಊರಿಂದ ತಂದಿದ್ದ ಬೆಳ್ತಿಗೆ ಅಕ್ಕಿ, ಹಿತ್ತಾಳೆ ಪಾತ್ರೆ. ಅಮ್ಮ ಹೊಸ್ತಿಲಾಚೆ ನಿಂತು ಡೈರೆಕ್ಷನ್. ನೀರು ಇನ್ನೂ ಹಾಕು, ಪಿಂಡ ಕಟ್ಟೂಕೆ ಮೆತ್ತಗಾಯ್ಕ್. ಉರಿ ಸಣ್ಣ ಮಾಡು. ಮುಚ್ಚಬೇಡ. ಅವ್ನು ಉರಿ ಸಣ್ಣ ಮಾಡೋ ಕಡೆ ತಿರುಗಿಸದೆ ದೊಡ್ಡ ಮಾಡಿರ್ಬೇಕು, ಎರಡು ನಿಮಿಷಕ್ಕೆ ವಾಸನೆ ಬಂತು. ಅಡಿ ಹಿಡೀತು. ಗಾಬರಿ ಬಿದ್ದು ಸಟ್ಟುಗ ತಗೊಂಡು ತಳಕ್ಕೆ ಹಾಕಿ ಕೆದಕೋಕೆ ಹೋದ.

"ಮುಟ್ಬೇಡ" ಅಂದ್ಲು ಅಮ್ಮ. ಜೋರಾಗಲ್ಲ, ಮೆಲ್ಲಗೆ. "ಅಡಿಗ್ ಸಟ್ಟುಗ ತಾಗ್ಸ್ಬೇಡ. ತಾಗ್ಸಿರೆ ಮೇಲಿನ್ ಅನ್ನಕ್ಕೂ ವಾಸ್ನಿ ಹೋತ್ತ್. ಒಲಿ ಆರ್ಸ್, ಮೇಲಿಂದ್ ಮೇಲೆ ತೆಗಿ." ಅದು ಅಪ್ಪಯ್ಯನ ಮಾತು, ಅಕ್ಷರಶಃ. ಮದುವೆ ಮನೇಲಿ ಕೊಪ್ಪರಿಗೆ ಅನ್ನ ಅಡಿ ಹಿಡಿದ್ರೆ ಯಾರಿಗೂ ಗೊತ್ತಾಗದ ಹಾಗೆ ಹೇಗೆ ಬಡಿಸೋದು ಅಂತ ನಮಗೆ ಕಥೆ ಹೇಳ್ತಿದ್ರಲ್ಲ, ಅದು. ತಮ್ಮ ಒಲೆ ಆರಿಸ್ದ, ಮೇಲಿನ ಬಿಳೀ ಅನ್ನ ಮಾತ್ರ ಸಟ್ಟುಗದ ತುದೀಲಿ ಪದರ ಪದರವಾಗಿ ಎತ್ತಿ ಬಾಳೆಎಲೆ ಮೇಲೆ ಹಾಕ್ದ. ಎಳ್ಳು, ಜೇನು, ತುಪ್ಪ. ಮೂಸಿ ನೋಡಿದ್ರೆ ಸುಟ್ಟ ವಾಸನೆ ಇಲ್ಲ. ಅವ್ನ ಕಣ್ಣಲ್ಲಿ ನೀರಿತ್ತು, ಹೊಗೆ ಅಂತೂ ಇರ್ಲಿಲ್ಲ, ಗ್ಯಾಸು.

ಫಲ್ಗು ನದಿ ಅಂದ್ರೆ ಮರಳು, ಕೈಯಿಂದ ತೋಡಿದ್ರೆ ನೀರು ಅಂತ ಕೇಳಿದ್ವಿ. ಸೀತೆ ದಶರಥನಿಗೆ ಮರಳಿನ ಪಿಂಡ ಕೊಟ್ಟಾಗ ಫಲ್ಗು ಸುಳ್ಳು ಸಾಕ್ಷಿ ಹೇಳ್ತಂತೆ, ಅದಕ್ಕೇ ಶಾಪ, ನೆಲದೊಳಗೆ ಹರೀಬೇಕು. ಆದ್ರೆ 2022ರಲ್ಲಿ ಅಲ್ಲೊಂದು ರಬ್ಬರ್ ಡ್ಯಾಂ ಕಟ್ಟಿದಾರೆ, ಈಗ ವಿಷ್ಣುಪಾದದ ಪಕ್ಕ ನೀರು ನಿಂತಿರತ್ತೆ. ತರ್ಪಣಕ್ಕೆ ಅನುಕೂಲ. ಆಮೇಲೆ ವಿಷ್ಣುಪಾದ. ಈ ಗುಡಿ ಈಗಿನ ರೂಪಕ್ಕೆ ಬಂದಿದ್ದು ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಮೇಲೆ, 1787ರಲ್ಲಿ. ಕಪ್ಪು ಕಲ್ಲಲ್ಲಿ ಪಾದದ ಗುರುತು, ಅದರ ಮೇಲೆ ಪಿಂಡ ಹಾಕೋದು. ಗದ್ದಲ ಸಿಕ್ಕಾಪಟ್ಟೆ, ಹತ್ತು ಭಾಷೇಲಿ ಹತ್ತು ಜನರ ಅಪ್ಪಂದಿರ ಹೆಸರು ಒಟ್ಟೊಟ್ಟಿಗೆ. ಇಲ್ಲಿ ಶ್ರಾದ್ಧ ಮಾಡಿಸೋ ಗಯಾವಾಳ ಪಂಡಾಗಳು ಮಧ್ವಮತದವ್ರು ಅಂತ ಗೊತ್ತಾದಾಗ ನಂಗೆ ಆಶ್ಚರ್ಯ ಆಯ್ತು, ಬಿಹಾರದ ಮಧ್ಯದಲ್ಲಿ ಉಡುಪಿ ನೆಂಟಸ್ತನ.

ಕೊನೇದು ಅಕ್ಷಯವಟ. ಸೀತೆಗೆ ನಿಜ ಸಾಕ್ಷಿ ಹೇಳಿದ ಮರ, ಅದಕ್ಕೇ ಸಾವಿಲ್ಲ. ಇಲ್ಲಿ ಇಷ್ಟದ ಒಂದು ಹಣ್ಣು, ಒಂದು ತರಕಾರಿ ಬಿಡ್ಬೇಕು, ಜೀವನಪೂರ್ತಿ. ಇದರ ಬಗ್ಗೆ ಅಪ್ಪಯ್ಯನ ಜೋಕು ನಮ್ಮನೇಲಿ ಫೇಮಸ್ಸು: "ಬಂದೋರೆಲ್ಲ ಹಾಗಲಕಾಯಿ ಬಿಡ್ತ್ರ್, ಆ ಮರದ್ ಬುಡದಲ್ಲ್ ಹಾಗಲಕಾಯಿ ಗುಡ್ಡಿ ಆಯ್ತ್." ತಮ್ಮನ್ನ ಪಂಡಾ ಕೇಳಿದ್ರು. ಅವ್ನು ಸ್ವಲ್ಪ ಯೋಚ್ನೆ ಮಾಡಿ ತರಕಾರಿ ಹಾಗಲಕಾಯಿ ಅಂದ. ನನಗೆ ನಗು ತಡೆಯೋಕಾಗ್ಲಿಲ್ಲ. ಆಮೇಲೆ ನನ್ನ ಸರದಿ. ಹಣ್ಣು ಸಪೋಟ ಅಂದೆ. ಸುಳ್ಳು ಯಾಕೆ ಹೇಳ್ಲಿ, ನಂಗೆ ಸಪೋಟ ಅಷ್ಟಕ್ಕಷ್ಟೇ.

ಅಮ್ಮ ನಮ್ಮಿಬ್ರನ್ನೂ ನೋಡಿ ಕಟ್ಟೆ ಮೇಲೆ ಕೂತ್ಲು. "ನಿಮ್ಮಪ್ಪಯ್ಯ ಎಂತ ಬಿಟ್ಟದ್ದ್ ಗೊತ್ತಿತ್ತಾ?" ಅಂದ್ಲು. ಗೊತ್ತಿಲ್ಲ. ಅಜ್ಜ ತೀರ್ಕೊಂಡ ಮೇಲೆ 1987ರಲ್ಲಿ ಅಪ್ಪಯ್ಯ ಗಯೆ ಶ್ರಾದ್ಧ ಮಾಡಿದ್ದು ಗೊತ್ತು, ಅದೊಂದೇ ಸಲ ಅವ್ರು ಹಿತ್ತಲು ಬಿಟ್ಟು ಮುಂಬಾಗಿಲಿಂದ ಒಳಗೆ ಹೋಗಿದ್ದಂತೆ. ಏನು ಬಿಟ್ರು ಅಂತ ಯಾರೂ ಕೇಳಿರ್ಲಿಲ್ಲ.

"ಹಲ್ಸಿನ್ ಹಣ್ಣ್."

ಇದನ್ನ ಬೇರೆ ಕಡೆಯವ್ರಿಗೆ ಹೇಗೆ ಹೇಳೋದೋ. ನಮ್ಮ ಕಡೆಯವ್ನು ಹಲಸಿನಹಣ್ಣು ಬಿಡೋದು ಅಂದ್ರೆ ಮಳೆಗಾಲವನ್ನೇ ಬಿಟ್ಟ ಹಾಗೆ. ಮತ್ತೆ ನಮಗೆ ಡೌಟೇ ಬಂದಿರ್ಲಿಲ್ಲ, ಯಾಕಂದ್ರೆ ಅವ್ರು ಗುಜ್ಜೆ, ಅಂದ್ರೆ ಎಳೇ ಹಲಸಿನಕಾಯಿ, ಪಲ್ಯ ತಿಂತಿದ್ರು, ಹಪ್ಪಳ ತಿಂತಿದ್ರು, ಬಿಟ್ಟಿದ್ದು ಹಣ್ಣು ಮಾತ್ರ. ಪ್ರತಿ ವರ್ಷ ಮೇ ಜೂನಲ್ಲಿ ಊರಿಂದ ಹಣ್ಣು ತರೋರು, ಕೈಗೆ ಕೊಬ್ರಿ ಎಣ್ಣೆ ಹಚ್ಕೊಂಡು ಬಿಡಿಸೋರು, ಸೊಳೆ ಕೊಚ್ಚಿ ಅಕ್ಕಿ ಬೆಲ್ಲ ಕಾಯಿ ಜೊತೆ ರುಬ್ಬಿ ಬಾಳೆಎಲೇಲಿ ಕಡುಬು ಕಟ್ಟೋರು. ಮಡಿ ಅಡುಗೆ ಮಾಡಿ ಅಭ್ಯಾಸ ಆದವ್ರು, ಯಾವ ಅಡುಗೆಯನ್ನೂ ರುಚಿ ನೋಡ್ತಿರ್ಲಿಲ್ಲ, ಕುದಿಯೋ ವಾಸನೇಲೇ ಉಪ್ಪು ಕಮ್ಮಿ ಅಂತ ಹೇಳ್ತಿದ್ರು. ಆದ್ರೆ ಈ ಹಿಟ್ಟು ಮಾತ್ರ ನನ್ನ ಕರೆದು ಬೆರಳಿಗೆ ಹಚ್ಚಿ "ಸಿಹಿ ಸಾಕಾ ಕಾಣ್ ಮಗಾ" ಅಂತಿದ್ರು. ಹಣ್ಣಿಂದ ಹಣ್ಣಿಗೆ ಸಿಹಿ ಬೇರೆ, ಬೆಲ್ಲ ಎಷ್ಟು ಅಂತ ಅಂದಾಜಲ್ಲಿ ಹೇಳೋಕಾಗಲ್ಲ. ನಾನು ದೊಡ್ಡ ಜಡ್ಜ್ ಥರ ಚಪ್ಪರಿಸಿ ಇನ್ನೂ ಬೇಕು ಅಂತಿದ್ದೆ, ಬೇಡದಿದ್ರೂ. ಅಪ್ಪಯ್ಯ ನಂಬಿ ಬೆಲ್ಲ ಹಾಕ್ತಿದ್ರು. ತಮ್ಮನಿಗೆ ಆ ಕೆಲಸ ಕೊಡಲ್ಲ, ನನಗೇ ಕೊಡ್ತಾರೆ ಅಂತ ಎಷ್ಟು ಜಂಬ ನಂಗೆ. ಅವ್ರು ಊಟಕ್ಕೆ ಕೂತಾಗ ಕಡುಬು ಬೇಡ ಅಂದ್ರೆ, ಮಾಡಿದವ್ರಿಗೆ ತಿನ್ನೋಕೆ ಮನಸ್ಸಾಗಲ್ಲ ಅಂತ ಅಮ್ಮ ಹೇಳೋಳು, ಅದೂ ಹೌದಲ್ವಾ ಅನ್ಕೊಂಡಿದ್ವಿ.

"ಹೇಳ್ಬಾರ್ದಿತ್ತಾ ಅಮ್ಮ?"

"ಅವ್ರೇ ಬ್ಯಾಡ ಅಂದದ್ದ್. ಮಕ್ಕಳಿಗ್ ಗೊತ್ತಾರೆ ಮತ್ತ್ ತಿಂಬುಕೆ ಮುಜುಗರ ಮಾಡ್ತೊ ಅಂತ."

ಪಂಡಾ ಸುಫಲ ಹೇಳಿ, ಅಂದ್ರೆ ಶ್ರಾದ್ಧ ಫಲಿಸ್ತು ಅಂತ ಹೇಳಿ, ಬೆನ್ನು ತಟ್ಟಿ ದಕ್ಷಿಣೆಗೆ ಕೈ ಚಾಚಿದ್ರು. ತಮ್ಮ ಕೊಟ್ಟ, ಈ ಸಲ ಚೌಕಾಸಿ ಮಾಡ್ಲಿಲ್ಲ.

ದಿನ 8

ಬೆಳಿಗ್ಗೆ ಬೋಧಗಯೆ. ಮರದ ಕೆಳಗೆ ಯಾವ್ಯಾವ ದೇಶದವ್ರೋ ಸದ್ದಿಲ್ದೆ ಕೂತಿದ್ರು, ಗಯೆ ಗದ್ದಲ ಕೇಳಿ ಬಂದ ಕಿವಿಗೆ ಒಳ್ಳೇದಾಯ್ತು. ತಿಲ್ಕುಟ್ ಅಂಗಡೀಲಿ ಅರ್ಧ ಗಂಟೆ ನಿಂತಿದ್ವಿ. ಬೆಲ್ಲದ ಪಾಕ ಎಳೆದು ಎಳೆದು, ಹುರಿದ ಎಳ್ಳು ಸೇರಿಸಿ, ಇಬ್ಬರು ಹುಡುಗ್ರು ಮರದ ಕೊಡತಿಯಿಂದ ತಾಳಕ್ಕೆ ಸರಿಯಾಗಿ ಕುಟ್ತಾರೆ, ಕುಟ್ಟಿದಷ್ಟೂ ಗರಿಗರಿ. ಎರಡು ಕೆಜಿ ತಗೊಂಡ್ವಿ. ಬಟಾಣಿಯನ್ನ ಲಾಡ್ಜಿನ ಅಡುಗೆಯವ್ನಿಗೆ ಕೊಟ್ವಿ.

ವಾಪಸ್ ಟ್ರೇನಲ್ಲಿ ಮಗಳು ಮೇಲಿನ ಬರ್ತಿಂದ ತಲೆ ಕೆಳಗೆ ಇಳಿಸಿ ಕೇಳಿದ್ಲು, "ಅಜ್ಜಿ, ಹಣ್ಣು ಸರಿ. ಅಜ್ಜ ತರಕಾರಿ ಯಾವ್ದು ಬಿಟ್ಟಿದ್ದು?"

ಅಮ್ಮ ತಿಲ್ಕುಟ್ ಮುರೀತಾ ಇದ್ಲು. ಒಂದು ಚೂರು ಬಾಯಿಗೆ ಹಾಕ್ಕೊಂಡು ನಿಧಾನ ಅಗಿದ್ಲು.

"ಹಾಗಲಕಾಯಿಯೇ" ಅಂದ್ಲು.